ಬಲಗಡೆ ಪುಟದ ಹುಡುಗಿ

ಅವಳ ಜಡೆಯಲ್ಲಿ ಯಾವಾಗಲೂ ಒಂದು ಪೆನ್ನು ಸಿಕ್ಕಿಸಿರುತ್ತಿತ್ತು. ಬೇರೆ ಹುಡುಗಿಯರು ಹೂವು ಮುಡಿಯುವ ಜಾಗದಲ್ಲಿ ನೀಲಿ ಕ್ಯಾಪಿನ ಪೆನ್ನು. ಕಚ್ಚಿ ಕಚ್ಚಿ ಕ್ಯಾಪಿನ ತುದಿ ಚಪ್ಪಟೆಯಾಗಿರುತ್ತಿತ್ತು. ಅದು ಸೋರಿ ಸೋರಿ ಕುತ್ತಿಗೆಯ ಹಿಂದೆ ಕಡಲೆಕಾಳಿನಷ್ಟು ಶಾಯಿಯ ಕಲೆ. ಆಪರೇಷನ್ ಆದರೂ ಮಸುಕಾಗಿಯೇ ಉಳಿದ ನನ್ನ ಕಣ್ಣಿಗೆ ಅದು ದೃಷ್ಟಿಬೊಟ್ಟಿನ ಹಾಗೆ ಕಂಡಿತು. "ಇಷ್ಟು ದೊಡ್ಡವಳಾದ್ರೂ ನಿಮ್ಮಮ್ಮ ಬೊಟ್ಟಿಟ್ಟು ಕಳಿಸ್ತಾರಾ?" ಎಂದು ಕೇಳಿದೆ. ಅವಳು ಕುತ್ತಿಗೆ ಉಜ್ಜಿಕೊಂಡು ಬೆರಳು ನೋಡಿದಳು. "ಅಮ್ಮ ಅಲ್ಲ ಮೇಡಂ, ಪೆನ್ನು ಇಟ್ಟೈತೆ."

ನಮ್ಮ ಮನೆ ಚಿತ್ರದುರ್ಗದಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲೊಂದರ ಎದುರಿಗೆ. ಹಾಸ್ಟೆಲಿಗೆ ಬರುತ್ತಿದ್ದದ್ದು ಒಂದೇ ಪೇಪರ್. ಅದು ಇವಳ ಕೈಗೆ ಸಿಗುವ ಹೊತ್ತಿಗೆ ಉದ್ಯೋಗದ ಜಾಹೀರಾತನ್ನು ಯಾರೋ ಕತ್ತರಿಸಿಕೊಂಡಿರುತ್ತಿದ್ದರು, ಸಿನಿಮಾ ಪುಟ ಇನ್ಯಾರದೋ ಹಾಸಿಗೆಯ ಕೆಳಗಿರುತ್ತಿತ್ತು. ಹಾಗಾಗಿ ಒಂದು ಬೆಳಿಗ್ಗೆ ನಮ್ಮ ಗೇಟಿನ ಬಳಿ ಬಂದು ನಿಂತಳು. "ಮೇಡಂ, ನೀವು ಓದಿದ್ಮೇಲೆ ಪೇಪರ್ ಕೊಡ್ತೀರಾ? ಅರ್ಧ ಗಂಟೇಲಿ ವಾಪಸ್ ತಂದ್ಕೊಡ್ತೀನಿ."

ನನಗೆ ನಗು ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳಿಗೆ ಈಗ ಹೆಡ್‌ಲೈನುಗಳಷ್ಟೇ ಮಸುಕಾಗಿ ಕಾಣುತ್ತಿದ್ದವು. ಅದರ ಕೆಳಗಿನದೆಲ್ಲ ಇರುವೆಯ ಸಾಲು. ಪೇಪರ್ ನಿಲ್ಲಿಸಲು ಮನಸ್ಸು ಬಾರದೆ ತರಿಸುತ್ತಿದ್ದೆ, ಅಷ್ಟೆ. "ನಾನು ಓದೋದೇ ಇಲ್ಲ. ಒಳಗೆ ಬಾ, ನೀನು ಓದು, ನಾನು ಕೇಳ್ತೀನಿ" ಎಂದೆ. ಎರಡು ವರ್ಷ, ರಜೆ ಬಿಟ್ಟರೆ, ಬೆಳಿಗ್ಗೆ ಏಳರಿಂದ ಎಂಟರವರೆಗೆ ನನ್ನ ವರಾಂಡಕ್ಕೆ ಪ್ರಪಂಚ ಬಂದದ್ದು ಅವಳ ದನಿಯಲ್ಲಿ.

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಹತ್ತಿರದ ಹುಡುಗಿ ಅವಳು. ಅಪ್ಪ ಈರುಳ್ಳಿ ಬೆಳೆಯುತ್ತಿದ್ದರು. ಬಿ.ಎ. ಓದುತ್ತ, ಎಲ್ಲ ಹುಡುಗ ಹುಡುಗಿಯರ ಹಾಗೆ ಕಾಂಪಿಟೇಟಿವ್ ಎಕ್ಸಾಮಿಗೂ ತಯಾರಾಗುತ್ತಿದ್ದಳು. ಪೇಪರ್ ಓದಿ ಮುಗಿಸಿದ ಮೇಲೆ ಜಡೆಯಿಂದ ಪೆನ್ನು ಕಿತ್ತು, ಉದ್ದನೆಯ ನೋಟ್‌ಬುಕ್ಕಿನ ಎಡಪುಟದಲ್ಲಿ ಆ ದಿನದ ಕರೆಂಟ್ ಅಫೇರ್ಸ್ ಬರೆದುಕೊಳ್ಳುತ್ತಿದ್ದಳು. ಎಡಪುಟ ಮುಗಿದರೂ ಪೆನ್ನು ನಿಲ್ಲುತ್ತಿರಲಿಲ್ಲ. ಬಲಪುಟದ ಮೇಲೂ ಅದು ಗೀಚುತ್ತಿರುವುದು ಕೇಳಿಸುತ್ತಿತ್ತು.

"ಅಲ್ಲೇನು ಬರೀತಿದ್ದೀ?"

"ಅದು ರಿವಿಷನ್ನಿಗೆ ಖಾಲಿ ಬಿಡ್ಬೇಕು ಅಂತ ಕೋಚಿಂಗ್ ಸರ್ ಹೇಳಿದ್ರು ಮೇಡಂ. ಖಾಲಿ ಹಾಳೆ ನೋಡಿದ್ರೆ ನನ್ ಕೈ ಸುಮ್ನಿರಲ್ಲ. ಅವತ್ತು ನಮ್ ಕಡೆ ಏನಾತೋ ಅದನ್ನ ಬರೀತೀನಿ."

ಓದಿಸಿದೆ. ಎಡಪುಟದಲ್ಲಿ: ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿಯಿತು. ಬಲಪುಟದಲ್ಲಿ: ಅದೇ ಹೊತ್ತಿಗೆ ಹಾಸ್ಟೆಲಿನಲ್ಲಿ ಎರಡು ದಿನದ ಮೇಲೆ ನಲ್ಲಿ ಬಂತು, ಎಲ್ಲರೂ ಬಕೀಟು ಹಿಡಿದು ಓಡಿದೆವು, ಟಿ.ವಿ.ಯಲ್ಲಿ ಚಂದ್ರನನ್ನು ವಾರ್ಡನ್ ಒಬ್ಬರೇ ನೋಡಿದರು. ಎಡಪುಟದಲ್ಲಿ: ಈರುಳ್ಳಿ ರಫ್ತಿಗೆ ನಿಷೇಧ. ಬಲಪುಟದಲ್ಲಿ: ಊರಿಗೆ ಹೋಗಿದ್ದೆ, ಅಪ್ಪ ಊಟಕ್ಕೆ ಕೂತು ಇವತ್ತು ಈರುಳ್ಳಿ ಇಡಬೇಡಿ ಅಂದರು. ಎಡಪುಟದಲ್ಲಿ: ಮಾರಿಕಣಿವೆ ಡ್ಯಾಂ ತುಂಬಿ ಕೋಡಿ ಬಿತ್ತು. ಬಲಪುಟದಲ್ಲಿ: ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆವು, ಅವಳು ನೀರಿಗೆ ಬೆನ್ನು ಮಾಡಿ ಜನರನ್ನೇ ನೋಡುತ್ತ ನಿಂತಳು. "ನೀರು ಎಲ್ಲಾದ್ರೂ ಸಿಗ್ತೈತೆ. ಇಷ್ಟು ಮಂದಿ ಒಟ್ಟಿಗೆ ನಗಾದು ಎಲ್ಲಿ ಸಿಗ್ತೈತೆ?" ಅಂದಳು.

ಅಷ್ಟು ವರ್ಷಗಳಲ್ಲಿ ನಾನು ತಿದ್ದಿದ ಕಾಂಪೋಸಿಷನ್‌ಗಳಿಗೆ ಲೆಕ್ಕವಿಲ್ಲ. ಇಂಥದೊಂದು ಸಿಕ್ಕಿರಲಿಲ್ಲ. ಮಾತನ್ನು ಅವಳು ಎಲ್ಲಿಯೂ ಎಳೆಯುತ್ತಿರಲಿಲ್ಲ, ತಾನು ಜಾಣೆ ಎಂದು ತೋರಿಸುತ್ತಲೂ ಇರಲಿಲ್ಲ. ನಾನು "ವಂಡರ್‌ಫುಲ್" ಎಂದರೆ "ಅದ್ರಾಗೇನೈತೆ ಮೇಡಂ, ನಡೆದದ್ದು" ಎಂದು ಎದ್ದು ನನ್ನ ಕಾಫಿ ಲೋಟವನ್ನೂ ತೊಳೆದಿಟ್ಟು ಹೋಗುತ್ತಿದ್ದಳು. ಮಗಳಿಲ್ಲದ ನನಗೆ, ಆ ಲೋಟದ ಸದ್ದು ಕೇಳುವುದೂ ಒಂದು ಸುಖವಾಗಿತ್ತು.

ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ ಎಂದಾದ ಮೇಲೆ ಪೇಪರಿನ ತುಂಬ ಅದರದೇ ಚರ್ಚೆ. ಸರಿ ಎನ್ನುವವರು, ದಂಡ ಎನ್ನುವವರು. ಇವಳು ಎಡಪುಟದಲ್ಲಿ ಅದನ್ನೆಲ್ಲ ಬರೆದುಕೊಂಡು, ಬಲಪುಟಕ್ಕೆ ಬಂದಾಗ ತಾನೇ ನಕ್ಕಳು.

ಅವಳ ಅಜ್ಜಿ ಪ್ರತಿ ಸೋಮವಾರ ಮಂಡಿನೋವಿಗೆ ಕರೆಂಟ್ ಹಿಡಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಹಿರಿಯೂರಿನ ಆಸ್ಪತ್ರೆಗೆ ಹೊರಡುತ್ತಿತ್ತು. ಒಂದು ಸೋಮವಾರ ಇವಳು ಭಾಷಣ ಸ್ಪರ್ಧೆಗೆಂದು ಹೊಳಲ್ಕೆರೆಗೆ ಹೋದಾಗ, ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸೊಂದರ ಕಿಟಕಿಯಲ್ಲಿ ಅಜ್ಜಿ! ಮಡಿಲಲ್ಲಿ ಮಂಡಕ್ಕಿ ಪೊಟ್ಟಣ, ಕೈಯಲ್ಲಿ ಮೆಣಸಿನಕಾಯಿ ಬಜ್ಜಿ. ಮೊಮ್ಮಗಳನ್ನು ಕಂಡು ಬೆಚ್ಚಿ, ಆಮೇಲೆ ಬಜ್ಜಿಯಲ್ಲಿ ಅರ್ಧ ಮುರಿದು ಕೊಟ್ಟಿತಂತೆ.

"ಮಂಡಿಗೆ ಕರೆಂಟು?" ಎಂದು ಇವಳು ಕೇಳಿದಳು.

"ಇದೇ ಕಣೇ ಕರೆಂಟು. ನಿಮ್ಮಪ್ಪುಂಗೆ ಹೇಳ್ಬ್ಯಾಡ. ಒಂದ್ ವಾರ ಹೊಸದುರ್ಗ, ಒಂದ್ ವಾರ ಹೊಳಲ್ಕೆರೆ. ಇಳಿಯಂಗಿಲ್ಲ, ಕೆಲ್ಸ ಇಲ್ಲ. ಕುಂತ್ಕಂಡು ಹೋಗಾದು, ಕುಂತ್ಕಂಡು ಬರಾದು."

ನಾನು ಇದನ್ನು ಕೇಳಿ ಅಕ್ಷರಶಃ ಚಪ್ಪಾಳೆ ತಟ್ಟಿದೆ. ಪೇಪರಿನ ಭಾನುವಾರದ ಓದುಗರ ಅಂಕಣಕ್ಕೆ ಕಳಿಸೋಣವೆಂದು ಬೆನ್ನು ಹತ್ತಿದೆ. ಅವಳಿಗೆ ಇಷ್ಟವಿರಲಿಲ್ಲ. "ಅಜ್ಜಿ ಗುಟ್ಟು ಮೇಡಂ" ಎಂದಳು. ನಾನು ಬಿಡಲಿಲ್ಲ. ಕೊನೆಗೆ ಬೇರೆ ಹಾಳೆಯಲ್ಲಿ ಬರೆದು ಕೊಟ್ಟು, "ಹೆಸ್ರು, ಊರು ಬ್ಯಾಡ. ಅದೊಂದು ಮಾತ್ರ" ಎಂದಳು. ನಾನು ತಲೆ ಆಡಿಸಿದೆ.

ಜೆರಾಕ್ಸ್ ಅಂಗಡಿಯವನಿಂದ ಟೈಪ್ ಮಾಡಿಸಲು ಕೂತೆ. ಅಂಕಣಕ್ಕೆ ಉದ್ದವಾಯಿತು ಎಂದು ಅವನು ಓದಿ ಓದಿ ಹೇಳಿದಂತೆ ನಾನು ಕತ್ತರಿಸುತ್ತ ಹೋದೆ. ಬಜ್ಜಿ ಹೋಯಿತು. ಕೊನೆಯ ಒಂದು ಪ್ಯಾರಾ ಸ್ವಲ್ಪ ಸೆಂಟಿಮೆಂಟಲ್ ಅನ್ನಿಸಿ ಅದೂ ಹೋಯಿತು. ಕೊನೆಯಲ್ಲಿ ಅವನು "ಹೆಸರೇನು ಹಾಕ್ಲಿ?" ಎಂದ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು, ಬರೆದದ್ದರ ಕೆಳಗೆ ಹೆಸರು ಹಾಕಲು ಧೈರ್ಯವಿಲ್ಲದಿದ್ದರೆ ಬರೆಯಲೇಬೇಡಿ ಎನ್ನುತ್ತಿದ್ದರು. ಅದು ನೆನಪಿಗೆ ಬಂತು. ಇಷ್ಟು ಒಳ್ಳೆಯ ಬರಹ, ಹುಡುಗಿಗೆ ಹೆಸರಾದರೂ ಬರಲಿ ಅನ್ನಿಸಿತು. ಹೆಸರು, ಕ್ಲಾಸು, ಊರು, ಮೂರೂ ಹೇಳಿದೆ. ಅವಳಿಗೆ ಕೊಟ್ಟ ಮಾತು ಆಗ ನೆನಪಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ನನಗೆ ಹೆಚ್ಚು ಗೊತ್ತು ಎಂದುಕೊಂಡೆ.

ಭಾನುವಾರ ಅದು ಅಚ್ಚಾಯಿತು. ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಪೇಪರುಗಳು ಮಡಿಕೆ ಬಿಚ್ಚದೆ ಟೀಪಾಯಿಯ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಎಂಟು ದಿನವಾದ ಮೇಲೆ ಬಂದು, ಎಂದಿನ ಕುರ್ಚಿಯಲ್ಲಿ ಕೂರದೆ ಮೆಟ್ಟಿಲ ಮೇಲೆಯೇ ನಿಂತಳು.

ಅವಳ ಊರಿನ ಹೋಟೆಲಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದ್ದರು. ಇಡ್ಲಿ ತಿನ್ನುತ್ತಿದ್ದ ಅವಳಪ್ಪ ತಟ್ಟೆ ಬಿಟ್ಟು ಎದ್ದು ಬಂದಿದ್ದರು. ಅಜ್ಜಿ ಆ ಸೋಮವಾರ ಹೊರಡಲಿಲ್ಲ. ಇನ್ನು ಹೊರಡುವುದೂ ಇಲ್ಲ ಎಂದು, ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡನ್ನು ಎಲೆಅಡಿಕೆ ಸಂಚಿಯಿಂದ ತೆಗೆದು ಸೊಸೆಯ ಕೈಗೆ ಕೊಟ್ಟುಬಿಟ್ಟಿತ್ತು.

"ಹೆಸರು ನಾನು ಹಾಕಿಸಿದ್ದು" ಎಂದೆ.

"ಗೊತ್ತು ಮೇಡಂ. ಆದ್ರೆ ಗುಟ್ಟು ಬರ್ದವಳು ನಾನಲ್ವಾ. ನಿಮಗ್ ಕೊಟ್ಟವಳೂ ನಾನೇ." ಬೈದಿದ್ದರೆ ಒಳ್ಳೆಯದಿತ್ತು. "ನಾಳೆ ಊರಿಗೆ ಹೋಗಾಣ ಬರ್ರಿ. ಇಬ್ರೂ ಹೇಳಾಣ."

ನಾನು ಸರ್ಕಾರಿ ಬಸ್ಸು ಹತ್ತಿ ಎಷ್ಟೋ ವರ್ಷಗಳಾಗಿದ್ದವು. ಹಿರಿಯೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವಾಗ ಅವಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಕೋಪ ಆ ಕೈಯಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸಿ, ಕನ್ನಡಕ್ಕೆ ತಂದು, ಮತ್ತೆ ಬಿಚ್ಚುತ್ತಿದ್ದೆ.

ಅಜ್ಜಿ ಅಂಗಳದಲ್ಲಿ ಕಾಲು ನೀಡಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿತ್ತು. "ಕುಂತ್ಕಳ್ರಿ ಅಮ್ಮಾರೆ" ಎಂದು ಅವಳಪ್ಪ ಕುರ್ಚಿ ತಂದಿಟ್ಟರು. ಮಜ್ಜಿಗೆ ಬಂತು. ನಾನು ಕ್ಷಮೆ ಕೇಳಿದೆ. ಜೋಡಿಸಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ನೆಟ್ಟಗೆ ಬರಲಿಲ್ಲ.

ಅಜ್ಜಿ ತಲೆ ಎತ್ತದೆ ಕೇಳಿತು: "ಪೇಪರ್‌ಗೆ ಹಾಕ್ಸಿದ್ದು ನೀವೇಯಾ?"

"ನಾನೇ."

"ಮಂಡಕ್ಕಿ ಬರ್ದೀರಿ, ಬಜ್ಜಿ ಯಾಕೆ ಬಿಟ್ರಿ? ಬರೀ ಮಂಡಕ್ಕಿ ತಿನ್ನಾಕೆ ಯಾರು ಹೊಳಲ್ಕೆರೆ ತಂಕ ಹೋಗ್ತಾರೆ?"

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳಪ್ಪ ನಗಲಿಲ್ಲ. "ಅಮ್ಮಾರೆ, ನೀವು ದೊಡ್ಡೋರು, ನಿಮಗೇನೂ ಅನ್ನಲ್ಲ. 'ಏನಪ್ಪ, ಈ ವಾರ ನಿಮ್ಮವ್ವ ಯಾವೂರು?' ಅಂತ ಹೋಟ್ಲಾಗೆ ಕೇಳ್ತಾರೆ. ಕೇಳ್ಳಿ, ನಾಕ್ ದಿನ ಕೇಳಿ ಸುಮ್ಮನಾಗ್ತಾರೆ. ಹೆತ್ತವ್ವ ನನಗೆ ಸುಳ್ಳು ಹೇಳ್ಬೇಕಾತಲ್ಲ. ನಾನೇನು ಕಟ್ಟಾಕಿದ್ನಾ? ಹೋಗ್ಬ್ಯಾಡ ಅಂದಿದ್ನಾ?" ಎಂದರು.

ಅಜ್ಜಿ ಬೀಜ ಬಿಡಿಸುತ್ತಲೇ ಇತ್ತು. ಆಗ ಹುಡುಗಿ ಚೀಲದಿಂದ ತನ್ನ ನೋಟ್‌ಬುಕ್ ತೆಗೆದಳು. "ಅಜ್ಜಿ, ಅವತ್ತು ಬಸ್ಸಿನಾಗೆ ಹೇಳಿದ್ಯಲ್ಲ, ಅದು ಪೇಪರ್‌ನಾಗೆ ಬಂದಿಲ್ಲ. ಅಪ್ಪುಂಗೆ ಓದ್ಲಾ?"

ಅಜ್ಜಿ ಇನ್ನೆರಡು ಹಣ್ಣಿನ ಬೀಜ ಬಿಡಿಸಿ, "ಓದು" ಎಂದಿತು.

ನಾನು ಸೆಂಟಿಮೆಂಟಲ್ ಎಂದು ಕತ್ತರಿಸಿದ್ದ ಪ್ಯಾರಾ ಅದು. ಅವಳು ನನ್ನ ವರಾಂಡದಲ್ಲಿ ಓದುತ್ತಿದ್ದ ಅದೇ ದನಿಯಲ್ಲಿ ಓದಿದಳು: "'ಮದ್ವಿ ಆಗಿ ಬಂದಾಗಿಂದ ನಾನು ಬಾಣಂತಿ ಮನೆಗೆ ಹೋಗೀನಿ, ಸತ್ತೋರ ಮನೆಗೆ ಹೋಗೀನಿ. ಕೆಲ್ಸ ಇಲ್ದೆ ಒಂದೂರಿಗೂ ಹೋಗಿಲ್ಲ. ಹೆಂಗಿರ್ತೈತೆ ನೋಡಾಣ ಅಂತ ಹೊಂಟೆ. ನಿಮ್ಮಪ್ಪ ಒಳ್ಳೇವ್ನೇ. ಸುಮ್ನೆ ಹೋಗ್ಬರ್ತೀನಿ ಅಂದ್ರೆ, ಯಾಕವ್ವ, ಮನೇಲಿ ಏನ್ ಕಮ್ಮಿ ಆಗೈತೆ ಅಂತ ಕೇಳ್ತಾನೆ. ಏನೂ ಕಮ್ಮಿ ಆಗಿಲ್ಲ ಅಂತ ಅವ್ನಿಗೆ ಹೆಂಗೆ ಹೇಳಾದು?' ಅಂದಳು ಅಜ್ಜಿ. ಬಸ್ಸು ಹೊರಟಿತು. ನಾನು ಸ್ಪರ್ಧೆಗೆ ಹೋದೆ."

ಅಲ್ಲಿಗೆ ಮುಗಿಯಿತು. ಅವಳು ಪುಸ್ತಕ ಮುಚ್ಚಿದಳು.

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಒಳಗೆ ಹೋಗಿ ಹೆಂಡತಿಯಿಂದ ಆಧಾರ್ ಕಾರ್ಡು ಇಸಿದುಕೊಂಡು ಬಂದು ಹುಣಸೆಬೀಜದ ಪಕ್ಕದಲ್ಲಿಟ್ಟರು. "ಕಿಟಕಿ ಕಡೆ ಕುಂತ್ರೆ ಗಾಳಿ ಹೊಡಿತೈತೆ ಕಣವ್ವ. ಕಿವಿಗೆ ಸೆರಗು ಸುತ್ಕ" ಎಂದರು.

"ಸುತ್ಕಂಡೇ ಕುಂತ್ಕಂತೀನಿ ಕಣ್ಲೇ. ನಾನೇನ್ ಮೊದ್ಲನೇ ಸಲ ಹೋಗ್ತಿದೀನಾ?"

ಆಗ ಎಲ್ಲರೂ ನಕ್ಕೆವು. ಅಜ್ಜಿ ಮಾತ್ರ ನಗಲಿಲ್ಲ, ಕಾರ್ಡನ್ನು ಸೆರಗಿನಿಂದ ಒರೆಸಿ ಸಂಚಿಗೆ ಹಾಕಿಕೊಂಡಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಹುಡುಗಿ ಪೇಪರ್ ಓದಲು ಬಂದಳು, ಏನೂ ಆಗಿಲ್ಲವೆಂಬಂತೆ. ಆದರೆ ಒಂದು ಬದಲಾವಣೆ ಇತ್ತು. ಬಲಪುಟದಲ್ಲಿ ಯಾರ ಬಗ್ಗೆ ಬರೆದರೂ ಮೊದಲು ಅವರಿಗೇ ಓದಿ ಹೇಳುತ್ತಿದ್ದಳು. ಹಾಸ್ಟೆಲಿನ ಅಡುಗೆಯವರಿಗೆ, ವಾರ್ಡನ್‌ಗೆ, ಒಮ್ಮೆ ಬಸ್ ಕಂಡಕ್ಟರೊಬ್ಬರಿಗೂ. ಬೇಡ ಎಂದವರದನ್ನು ಅವರೆದುರೇ ಹೊಡೆದು ಹಾಕುತ್ತಿದ್ದಳು. ನಾನು ಇಷ್ಟು ವರ್ಷ ಮಕ್ಕಳಿಗೆ ಸ್ಪೆಲ್ಲಿಂಗ್ ಕಲಿಸಿದೆ, ಪಂಕ್ಚುಯೇಷನ್ ಕಲಿಸಿದೆ. ಇದನ್ನು ನನಗೂ ಯಾರೂ ಕಲಿಸಿರಲಿಲ್ಲ.

ಒಂದು ದಿನ ನನ್ನ ಸರದಿ ಬಂತು. "ನಿಮ್ದೂ ಒಂದ್ ಪುಟ ಐತೆ ಮೇಡಂ. ಓದ್ಲಾ?" ಓದಿದಳು. ಮಾತು ಕೊಟ್ಟು ತಪ್ಪಿದ್ದು ಅದರಲ್ಲಿತ್ತು. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಬಾಯಲ್ಲೇ ಇಂಗ್ಲಿಷ್ ಗೊಣಗುತ್ತಿದ್ದುದೂ ಇತ್ತು. ಅದು ನನಗೇ ಗೊತ್ತಿರಲಿಲ್ಲ. "ಹೊಡೆದು ಹಾಕ್ಲಾ?" ಎಂದಳು. ಬೇಡ, ಇರಲಿ ಎಂದೆ.

ಪರೀಕ್ಷೆ ಪಾಸಾಗಿ ಅವಳೀಗ ಹೊಸದುರ್ಗದ ಕಡೆ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ಪೇಪರನ್ನು ಈಗ ನನಗೆ ಮೊಬೈಲೇ ಓದುತ್ತದೆ, ಚಂದ್ರನಿಗೂ ಈರುಳ್ಳಿಗೂ ಒಂದೇ ದನಿ. ಕೆಲವೊಮ್ಮೆ ಭಾನುವಾರ ಅವಳು ಫೋನ್ ಮಾಡಿ ಆ ವಾರದ ಬಲಪುಟ ಓದುತ್ತಾಳೆ. ಇದನ್ನು ಪಕ್ಕದ ಮನೆಯವರಿಂದ ಬರೆಸಿ ಮುಗಿಸಿದ ಮೇಲೆ, ಅವಳಿಂದ ಕಲಿತ ಹಾಗೆ, ಪೂರ್ತಿ ಅವಳಿಗೇ ಓದಿಸಿ ಕೇಳಿಸಿದೆ. "ಈಗ ಹೆಸ್ರು ಹಾಕಿದ್ರೂ ನಡೀತೈತೆ ಮೇಡಂ" ಎಂದಳು. ಹಾಕಲು ನನಗೆ ಮನಸ್ಸಾಗಲಿಲ್ಲ.

"ಅಜ್ಜೀನೂ ಒಂದ್ ಮಾತು ಕೇಳ್ರಿ" ಎಂದು ನಂಬರ್ ಕೊಟ್ಟಳು. ಮಾಡಿದೆ. ಗಲಾಟೆಯೋ ಗಲಾಟೆ, ಕಂಡಕ್ಟರನ ಸೀಟಿ, ಯಾರದೋ ಕೂಸಿನ ಅಳು. ನಾನು ಯಾರೆಂದು ಹೇಳಿ, ಅವರ ಬಗ್ಗೆ ಬರೆದದ್ದನ್ನು ಓದಿಸಲೇ ಎಂದು ಕಿರುಚಿ ಕೇಳಿದೆ.

"ನಾಳೆ ಓದ್ರಿ ಅಮ್ಮಾರೆ. ಈಗ ಮಾತಾಡ್ಸ್‌ಬ್ಯಾಡ್ರಿ, ರಾಮಗಿರಿ ಗುಡ್ಡ ಬಂತು" ಎಂದು ಅಜ್ಜಿ ಫೋನಿಟ್ಟಿತು.