ಅಜ್ಜಿಯ ಬ್ಯಾಗಿಗೆ ಕೈ ಹಾಕಿದ ಮಧ್ಯಾಹ್ನ

ನಾನು ಶಾಲೆ ಬಿಟ್ಟದ್ದು 1991ರಲ್ಲಿ, ಏಳನೇ ಕ್ಲಾಸಿನ ನಡುವೆ. ಅಂದಿನಿಂದ ಕೂತು ಉಂಡವನಲ್ಲ. 2022ರಲ್ಲಿ ಬಹ್ರೈನಿನ ಅದ್ಲಿಯಾದಲ್ಲಿ ಒಂದು ಸ್ಪ್ಯಾನಿಷ್ ಕುಟುಂಬಕ್ಕೆ ಡ್ರೈವರ್ ಆಗಿ ಸೇರಿದೆ. ಮರುವರ್ಷ ಮೇಡಂನ ತಾಯಿ ಸ್ಪೇನಿನಿಂದ ಬಂದರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು.

ಮೇಡಂ ಒಂದು ದಾರಿ ತೋರಿಸಿದರು. ಸ್ಪ್ಯಾನಿಷ್‌ನೊಳಗೆ ಬೇಕಾದಷ್ಟು ಇಂಗ್ಲಿಷ್ ಶಬ್ದಗಳಿವೆ, ಅವನ್ನೇ ಅವರ ಅರ್ಥದಲ್ಲಿ ಬಳಸಬೇಕು. ಪಾರ್ಕಿಂಗ್ ಅಂದರೆ ಗಾಡಿ ನಿಲ್ಲಿಸುವ ಜಾಗ, ಫೂಟಿಂಗ್ ಅಂದರೆ ವ್ಯಾಯಾಮದ ಓಟ. ಸ್ಟ್ರೆಸ್ ಅವರ ಬಾಯಲ್ಲಿ ಎಸ್ತ್ರೆಸ್, ನಮ್ಮ ಊರ ಹಿರಿಯರ 'ಇಸ್ಕೂಲು' ಇದ್ದ ಹಾಗೆ. ಇಕ್ಕಟ್ಟಿನ ಗಲ್ಲಿಯಿಂದ ನಾನು ಗಾಡಿ ರಿವರ್ಸ್ ತೆಗೆದಾಗ ಅಜ್ಜಿ "ಕ್ರ್ಯಾಕ್!" ಅಂದರು. ಹುಚ್ಚ ಅಂದರೆಂದು ನನಗೆ ಸಿಟ್ಟು ಬಂತು. ಅವರಲ್ಲಿ ಅದು ನಿಪುಣನಿಗೆ ಹೇಳುವ ಮಾತಂತೆ. ಸೆಗಯಾದಲ್ಲಿ ನಾನಿರುವ ರೂಮಿನಲ್ಲಿ ಇದನ್ನು ಹೇಳಿದರೆ ಜೊತೆಗಾರ ಶೇಖರ, "ಅಜ್ಜಿ ಸರಿಯಾಗೇ ಹೇಳಿದ್ದು ಮಾರಾಯ, ನೀ ಎಂತಕ್ಕೆ ಅರ್ಥ ತಿರುಗಿಸ್ತಿ?" ಅಂದ.

ಜೂನ್ ತಿಂಗಳ ಒಂದು ಮಧ್ಯಾಹ್ನ. ಸನದ್‌ನಲ್ಲಿರುವ ಗೆಳತಿಯ ಮನೆಗೆ ಹೋಗಿದ್ದ ಅಜ್ಜಿಯನ್ನು ಕರೆತರುತ್ತಿದ್ದೆ. ಹೆಂಗಸರು ಹಿಂದೆ ಕೂತರೆ ಅವರ ಮುಖ ಕಾಣದ ಹಾಗೆ ಕನ್ನಡಿ ತಿರುಗಿಸುವುದು, ಅವರ ಬ್ಯಾಗ್ ಮುಟ್ಟದಿರುವುದು, ಇವೆರಡು ಈ ಕೆಲಸದಲ್ಲಿ ನಾನು ಮೊದಲು ಕಲಿತ ಪಾಠ. ದಾರಿಯುದ್ದಕ್ಕೂ ಮಾತಾಡುವ ಅಜ್ಜಿ ಹೈವೇಗೆ ಬಂದ ಮೇಲೆ ಸುಮ್ಮನಾದರು.

"ಸೆನ್ಯೋರಾ, ಓಕೆ?"

ಕನ್ನಡಿಯನ್ನು ಅವರ ಮುಖದತ್ತ ಇಳಿಸಿದೆ. ಮುಖ ಬೂದಿಯ ಬಣ್ಣ, ಕೈ ಎದೆಯ ಮೇಲೆ. ಗಾಡಿ ಬದಿಗೆ ಹಾಕಿ ಹಿಂದಿನ ಬಾಗಿಲು ತೆರೆದೆ.

"ಎಸ್ಪ್ರೇ..." ಅಂದರು, ಬ್ಯಾಗಿನ ಕಡೆ ನೋಡುತ್ತ.

ಎದೆನೋವು ಬಂದರೆ ನಾಲಿಗೆಯಡಿಗೆ ಹೊಡೆಯುವ ಸ್ಪ್ರೇ ಅವರಲ್ಲಿದೆಯೆಂದು ಮೇಡಂ ಮೊದಲೇ ಹೇಳಿದ್ದರು. ಶಬ್ದ ತಿಳಿಯಿತು, ಕೈ ಏಳಲಿಲ್ಲ. ಬ್ಯಾಗ್ ಮುಟ್ಟಿದ್ದಕ್ಕೇ ವೀಸಾ ಕಳೆದುಕೊಂಡ ಡ್ರೈವರನ್ನು ನಾನು ಬಲ್ಲೆ. ಅಜ್ಜಿ ಇಲ್ಲೇ ಸತ್ತು, ನನ್ನ ಕೈ ಬ್ಯಾಗಿನೊಳಗಿದ್ದರೆ ಯಾರಿಗೆ ಏನು ಹೇಳಲಿ? ಯಾವ ಭಾಷೆಯಲ್ಲಿ?

ಆಂಬುಲೆನ್ಸಿಗೆಂದು 999ಕ್ಕೆ ಫೋನ್ ಹಚ್ಚಿ, ಜಾಗ ಹೇಳಿ, ಸೀಟಿನ ಮೇಲಿಟ್ಟೆ. "ಜೆಜು" ಅಂತ ಯೇಸುವನ್ನು ನೆನೆದು ಜಿಪ್ ಎಳೆದೆ. ಒಳಗೆ ಎರಡು ಬಾಟಲಿ, ಒಂದು ಸೆಂಟಿನದ್ದೋ ಏನೋ. ಎರಡನ್ನೂ ಅವರ ಕಣ್ಣೆದುರು ಹಿಡಿದೆ. ಅವರು ಸಣ್ಣದರ ಮೇಲೆ ಬೆರಳಿಟ್ಟು ಬಾಯಿ ತೆರೆದರು. ಒತ್ತಿದೆ. ಆಂಬುಲೆನ್ಸ್ ಬರುವ ತನಕ ಅವರು ನನ್ನ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಮೇಡಂ ಕೇಳಿದರು, "ಬ್ಯಾಗ್ ತೆರೆದವರು ಯಾರು?"

"ನಾನೇ ಮೇಡಂ. ಯಾರನ್ನೂ ಕೇಳಲಿಲ್ಲ."

ನನ್ನ ಕಣ್ಣ ಮುಂದೆ ಊರಿನ ಟಿಕೆಟ್ ಬಂತು. ಆಮೇಲೆ ಮೇಡಂ ಆ ಸ್ಪ್ರೇಯನ್ನು ನನ್ನ ಅಂಗೈಯಲ್ಲಿಟ್ಟು, "ಅಮ್ಮ ಜೊತೆಗಿರುವಾಗ ಇದು ನಿಮ್ಮ ಹತ್ತಿರವೇ ಇರಲಿ, ರೇಮಂಡ್" ಅಂದರು.

ಡ್ರೈವರ್ ರಸ್ತೆ ನೋಡಿದರೆ ಸಾಕು ಅಂದುಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಒಂದು ಜೀವ ಕೂತಿರುತ್ತದೆ, ಅದನ್ನೂ ನೋಡಬೇಕು. ಮರ್ಯಾದೆಯ ಹೆಸರಿನಲ್ಲಿ ಕಣ್ಣು ಮುಚ್ಚಿಕೊಂಡರೆ ಕೆಲಸ ಅರ್ಧವೇ.

ಈಗ ನನ್ನಲ್ಲಿರುವುದು ಇಷ್ಟು: ಒಂದು ಲೈಸೆನ್ಸು, ಊರಲ್ಲಿ ಒಂದು ಹೆಂಚಿನ ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಆಡಲು ಬರುವ ಐದು ಭಾಷೆ, ಸ್ಪೇನಿಗೆ ಮರಳಿದ ಮೇಲೂ ಆದಿತ್ಯವಾರ ಫೋನ್ ಮಾಡುವ ಒಬ್ಬ ಅಜ್ಜಿ.