ಸಾವಕ್ಕನ ಕನ್ನಡಿ

ಅಲಖನೂರಿನಲ್ಲಿ ಹೊಸದಾಗಿ ಶುಗರ್ ಬಂದವರು ಡಾಕ್ಟರ ಚೀಟಿ ಹಿಡಿದು ನೇರ ಬರುವುದು ಸಾವಕ್ಕನ ಕಟ್ಟೆಗೆ. ಇಪ್ಪತ್ತು ವರ್ಷ ಅದನ್ನು ಸಾಕಿದ ಅನುಭವ ಅವಳದು. "ಇದು ವಾಪಸ್ ಹೋಗೂ ಬೀಗರಲ್ಲ ತಮ್ಮಾ, ಮನಿಗೆ ಬಂದ ಸೊಸಿ. ಹೊತ್ತಿಗೆ ಸರಿಯಾಗಿ ನೋಡ್ಕೊಂಡ್ರ ಜಗಳಿಲ್ಲ" ಎಂದು ನಗಿಸಿಯೇ ಗುಳಿಗೆ ನುಂಗಿಸುತ್ತಾಳೆ. ಮದುವೆಗೂ ಸೆರಗಿನಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗುವ ಅವಳನ್ನು ಕಂಡರೆ ಜಿಲೇಬಿ ಬುಟ್ಟಿಯೇ ಬೇರೆ ಸಾಲು ಹಿಡಿಯುತ್ತದೆ. ಗಾಣದ ಬೆಲ್ಲದ ವಾಸನೆ ಮೂಗಿಗೆ ಬಡಿದರಂತೂ, ಅದನ್ನೂ ಕರಗಿಸಬೇಕೆಂದು ಊರಿಗೆ ಇನ್ನೊಂದು ಸುತ್ತು ಹಾಕುತ್ತಾಳೆ. ಕಟ್ಟೆಗೆ ಬಂದವರ ಚಪ್ಪಲಿ ಬಿಚ್ಚಿಸಿ, ಅಂಗಾಲಿಗೆ ಕನ್ನಡಿ ಹಿಡಿಯದೆ ಮಾತ್ರ ಬಿಡುವುದಿಲ್ಲ: "ಈ ಬ್ಯಾನ್ಯಾಗ ಕಾಲಿಗೆ ಮುಳ್ಳ ನಟ್ರೂ ತಿಳಿಯಾಂಗಿಲ್ಲ." ಆ ಕನ್ನಡಿ ತೀರಿಹೋದ ಗಂಡನದು. "ನಮ್ಮ ಮನಿಯವ್ರಿಗೂ ಶುಗರ್ ಇತ್ತು. ದಿನಾ ಇದರಾಗ ಮೀಸಿ ನೋಡ್ಕೊಂಡ್ರು, ಕಾಲ ನೋಡ್ಕೊಳ್ಳಿಲ್ಲ."