ಸೈತಾನನಿಗೆ ಕೇಳಿಸದ ಮಾತು

ನಮ್ಮವ್ವ ಸೈತಾನನ ಬೇರೆ ಯಾವುದಕ್ಕೂ ಅಷ್ಟು ಹೆದರುತ್ತಿರಲಿಲ್ಲ, ಅವನ ಕಿವಿಗೆ ಮಾತ್ರ ಹೆದರುತ್ತಿದ್ದಳು. ಮನುಷ್ಯರ ಮನಸ್ಸಿನೊಳಗೆ ಇಣುಕಿ ನೋಡುವ ಶಕ್ತಿ ಇರುವುದು ದೇವರೊಬ್ಬನಿಗೆ; ಸೈತಾನನಿಗೆ ಗೊತ್ತಾಗುವುದು ನಾವು ಬಾಯಿಬಿಟ್ಟು ಆಡಿದ್ದಷ್ಟೇ. ಆಡಿದ ಮಾತಿನ ಎಳೆ ಹಿಡಿದುಕೊಂಡು ಅವನು ಮನೆಯೊಳಗೆ ಬರುತ್ತಾನೆ. ಗಡಹಿಂಗ್ಲಜದಲ್ಲಿ ದೊಡ್ಡವ್ವನ ಮನೆಯಲ್ಲಿ ನಡೆಯುವ ಪ್ರಾರ್ಥನೆಗೆ ಹೋಗಲು ಶುರುಮಾಡಿದ ಮೇಲೆ ಅವ್ವ ಕಲಿತು ಬಂದ ಪಾಠ ಇದು.

ಹೀಗಾಗಿ ನಮ್ಮ ಮನೆಯಲ್ಲಿ ಕೆಟ್ಟದ್ದನ್ನು ಹೆಸರು ಹಿಡಿದು ಹೇಳುವಂತಿರಲಿಲ್ಲ. ಮೈ ಬಿಸಿಯಾಗಿದೆ ಎಂದು ನಾನು ಬಾಯಿ ತೆರೆದರೆ ಸಾಕು, ಅವ್ವ ಓಡಿ ಬಂದು ಬಾಯಿ ಮುಚ್ಚುತ್ತಿದ್ದಳು. ಆಮೇಲೆ ಸದ್ದಿಲ್ಲದೆ ಹಣೆ ಮುಟ್ಟಿ ನೋಡಿ, ಒದ್ದೆ ಬಟ್ಟೆ ಹಾಕಿ, ಗುಳಿಗೆ ಕೊಡುತ್ತಿದ್ದಳು. ಅಪ್ಪನಿಗೆ ಇದೆಲ್ಲ ತಮಾಷೆ. ಅವನು ಕೊನೆಯವರೆಗೂ ಅವ್ವನ ಪ್ರಾರ್ಥನೆಗೆ ಹೋದವನಲ್ಲ, ಅಡ್ಡ ಬಂದವನೂ ಅಲ್ಲ.

"ಇದನ್ನ ಕಲಿಯಾಕ ಗಡಹಿಂಗ್ಲಜಕ್ಕ ಯಾಕ ಹೋಗಬೇಕಿತ್ತು? ನಮ್ಮವ್ವ ಬಳಿ ಒಡದ್ರ ಬಳಿ ಹೆಚ್ಚಿದಾವು ಅಂತಿದ್ದಳು. ಅಕ್ಕಿ ತೀರಿದ್ರ ಅಕ್ಕಿ ಹೆಚ್ಚೈತಿ ಅಂತಿದ್ದಳು. ಅಕಿವಾಟದಾಗ ಸೈತಾನನ ಹೆಸರ ಯಾರೂ ಕೇಳಿರಲಿಲ್ಲ, ಆದ್ರೂ ಅಂವಗ ಎಲ್ಲಾರೂ ಅಂಜತಿದ್ರು" ಎನ್ನುತ್ತಿದ್ದ.

ಅಪ್ಪನ ಊರು ಅಕಿವಾಟ, ಅವ್ವನದು ದತ್ತವಾಡ. ಇಬ್ಬರೂ ಕಬ್ಬಿನ ಹೊಲಗಳನ್ನು ಬಿಟ್ಟು ಇಚಲಕರಂಜಿಗೆ ಬಂದದ್ದು ಮಗ್ಗಕ್ಕಾಗಿ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮುಗಳು. ಮೂಲೆಯಲ್ಲಿ ಕಾಂಡಿ ಮಶೀನು. ಮಗ್ಗದ ಲಾಳಿಯೊಳಗೆ ಕೂರುವ ಚಿಕ್ಕ ಮರದ ಕೊಳವೆಗೆ ನಮ್ಮಲ್ಲಿ ಕಾಂಡಿ ಅನ್ನುತ್ತಾರೆ. ಅದಕ್ಕೆ ನೂಲು ತುಂಬುವುದು ಅವ್ವನ ಕೆಲಸ. ಮಗ್ಗಗಳು ಶುರುವಾದವೆಂದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಆದ್ದರಿಂದ ಶೆಡ್ಡಿನೊಳಗೆ ಯಾರೂ ಕೂಗುವುದೇ ಇಲ್ಲ. ತುಟಿ ಆಡಿಸುತ್ತಾರೆ, ಎದುರಿನವರು ಓದಿಕೊಳ್ಳುತ್ತಾರೆ. ನಾನು ಅಕ್ಷರಕ್ಕಿಂತ ಮೊದಲು ತುಟಿ ಓದಲು ಕಲಿತವಳು. ಇಂದಿಗೂ ಮದುವೆ ಮನೆಗಳಲ್ಲಿ ಆ ಕಡೆಯ ಸಾಲಿನಲ್ಲಿ ಕುಳಿತವರು ಯಾರ ಸೀರೆಯನ್ನು ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಇಲ್ಲಿಂದಲೇ ತಿಳಿಯುತ್ತದೆ.

ಆ ಶೆಡ್ಡು ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ತಗಡಿನ ನಡುವೆ ಕೂರಿಸಿದ ಗಾಜಿನಿಂದ ಮಧ್ಯಾಹ್ನದ ಬಿಸಿಲು ಓರೆಯಾಗಿ ಇಳಿಯುತ್ತದೆ. ಆ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿರುತ್ತವೆ. ಸದ್ದು ಎಷ್ಟೆಂದರೆ ಅದು ಸದ್ದು ಅನ್ನಿಸುವುದಿಲ್ಲ, ನೀರಿನ ತಳದಲ್ಲಿ ಕುಳಿತ ಹಾಗಿರುತ್ತದೆ. ಈ ಎಳೆಗಳು ಏನು ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅವ್ವ, ದೇವದೂತ ಈಗಷ್ಟೇ ಹಾದುಹೋದ ಎಂದಿದ್ದಳು. ಕೋಳಿ ಪುಕ್ಕ ಉದುರಿಸಿದಂತೆ ದೇವದೂತನೂ ಉದುರಿಸುತ್ತಾನೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ಶೆಡ್ಡಿನ ಬಾಗಿಲ ಬಲಗಡೆಗೆ ಒಬ್ಬ ದೂತ ನಿಂತಿರುತ್ತಾನೆ ಎಂಬುದು ಅವ್ವನ ನಂಬಿಕೆ. ಅಲ್ಲಿ ಯಾರೂ ಏನೂ ಇಡುವಂತಿಲ್ಲ. "ಅಂವಗ ರೆಕ್ಕಿ ಅದಾವ, ಮ್ಯಾಲ ನಿಲ್ಲಲಿ. ನಾ ಸೈಕಲ್ ಎಲ್ಲಿ ಇಡಲಿ?" ಎಂದು ಅಪ್ಪ ಜಗಳ ತೆಗೆಯುತ್ತಿದ್ದ. ಜಗಳ ತೆಗೆದು ಸೈಕಲ್ಲನ್ನು ಎಡಗಡೆಗೇ ಇಡುತ್ತಿದ್ದ.

ಅವ್ವ ಪ್ರಾರ್ಥನೆ ಮಾಡುತ್ತಿದ್ದದ್ದೂ ಶೆಡ್ಡಿನಲ್ಲೇ, ಕಾಂಡಿ ತುಂಬುತ್ತಲೇ, ಗೋಡೆಯ ಕಡೆ ಮುಖ ಮಾಡಿಕೊಂಡು. ಕೆಲಸವೂ ಆಗಲಿ ದೇವರೂ ಆಗಲಿ ಎಂಬ ಲೆಕ್ಕ ಇರಬೇಕು ಎಂದುಕೊಂಡಿದ್ದೆ. ನಮ್ಮಲ್ಲಿ ಗೋಡೆಯ ಕಡೆ ತಿರುಗಿದವರ ತುಟಿಯನ್ನು ಬಗ್ಗಿ ನೋಡುವುದು ಮರ್ಯಾದೆಯಲ್ಲ. ನಾನೂ ನೋಡುತ್ತಿರಲಿಲ್ಲ.

ನನ್ನ ಕಾಲೇಜಿನ ಕೊನೆಯ ವರ್ಷ. ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಚಹಾ ತೆಗೆದುಕೊಂಡು ಶೆಡ್ಡಿಗೆ ಹೋದೆ. ಅವ್ವನ ಮಶೀನಿನಲ್ಲಿ ನೂಲು ತುಂಡಾಯಿತು. ಅದನ್ನು ಕೂಡಿಸಲು ಅವಳು ಬೆಳಕಿನ ಕಡೆ, ಎಂದರೆ ನನ್ನ ಕಡೆ, ತಿರುಗಿದಳು. ಕಣ್ಣು ಮುಚ್ಚಿತ್ತು, ಆ ಕೆಲಸಕ್ಕೆ ಅವಳಿಗೆ ಕಣ್ಣು ಬೇಕಿರಲಿಲ್ಲ. ತುಟಿ ಮಾತ್ರ ನಿಲ್ಲಲಿಲ್ಲ.

"ಗಡ್ಡಿ ಲಿಂಬಿಕಾಯಿಯಷ್ಟ ಆಗೈತಿ, ಯೇಸಪ್ಪಾ. ಎಡಗಡೆ ಎದಿಯಾಗ. ಕರಗಸಪ್ಪಾ. ಮಗಳಿಗೆ ಗೊತ್ತಾಗೂದ ಬ್ಯಾಡ, ಪರೀಕ್ಷಾ ಐತಿ."

ಮತ್ತೆ ಗೋಡೆಗೆ ತಿರುಗಿದಳು. ನಾನು ಚಹಾದ ಕಿಟಲಿ ಹಿಡಿದುಕೊಂಡು ಅಲ್ಲೇ ನಿಂತೆ. ಅಷ್ಟು ವರ್ಷ ಅವಳು ಶೆಡ್ಡಿನಲ್ಲಿ ಯಾಕೆ ಪ್ರಾರ್ಥಿಸುತ್ತಾಳೆ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಇಡೀ ಇಚಲಕರಂಜಿಯಲ್ಲಿ ಸೈತಾನನ ಕಿವಿಗೆ ಏನೂ ಬೀಳದ ಜಾಗ ಅದೊಂದೇ. ಮನೆಯಲ್ಲಿ ಹೇಳಲಾಗದ್ದನ್ನು ಅವಳು ಆ ಸದ್ದಿನ ಒಳಗೆ ಬಚ್ಚಿಟ್ಟು ದೇವರಿಗೆ ದಾಟಿಸುತ್ತಿದ್ದಳು. ದಾರಿಯ ನಡುವೆ ನಾನು ಅದನ್ನು ಕದ್ದಿದ್ದೆ.

ಕಿಟಕಿಯ ಕಟ್ಟೆಯ ಮೇಲೆ ಖಾಲಿ ಕಾಂಡಿಗಳನ್ನು ಸಾಲಾಗಿ ನಿಲ್ಲಿಸಿದ್ದು ನಾಲ್ಕಾರು ವಾರಗಳಿಂದ ಕಾಣುತ್ತಿತ್ತು. ಈಗ ಹತ್ತಿರ ಹೋಗಿ ಎಣಿಸಿದೆ. ಒಂದು ಸಾಲಿನಲ್ಲಿ ಇಪ್ಪತ್ತೊಂದು. ಅದರ ಮುಂದೆ ಇನ್ನೊಂದು ಸಾಲು ಶುರುವಾಗಿ ಒಂಬತ್ತಕ್ಕೆ ಬಂದಿತ್ತು. ಅವ್ವ ಆಗಾಗ ಹೇಳುತ್ತಿದ್ದ ಕತೆಯೊಂದಿತ್ತು. ಹಿಂದೆ ಒಬ್ಬ ಪ್ರವಾದಿ ಪ್ರಾರ್ಥನೆ ಮಾಡಿದ ಮೊದಲ ದಿನವೇ ದೇವರು ಉತ್ತರ ಕೊಟ್ಟು ದೂತನನ್ನು ಕಳಿಸಿದ್ದ. ಆದರೆ ದುಷ್ಟಶಕ್ತಿಯೊಂದು ಆ ದೂತನನ್ನು ಆಕಾಶದಲ್ಲೇ ತಡೆದು ಇಪ್ಪತ್ತೊಂದು ದಿನ ಕಾದಾಡಿತು. ಹಾಗಾಗಿ ಉತ್ತರ ತಡವಾದರೆ ಬಂದಿಲ್ಲ ಎನ್ನಬಾರದು, ದಾರಿಯಲ್ಲಿದೆ ಎನ್ನಬೇಕು. ಅವ್ವ ದಿನಕ್ಕೊಂದು ಕಾಂಡಿ ಇಡುತ್ತ ತನ್ನ ದೂತನನ್ನು ಕಾಯುತ್ತಿದ್ದಳು. ಅತ್ತ ಗಡ್ಡೆ ಬೆಳೆಯುತ್ತಿತ್ತು.

ನನಗೆ ಸಿಟ್ಟು ಬಂತು. ಅವ್ವನ ಮೇಲೆ, ಕಾದಾಡುತ್ತ ಕುಳಿತ ಆ ದೂತನ ಮೇಲೆ, ಓದಬಾರದ್ದನ್ನು ಓದಿದ ನನ್ನ ಕಣ್ಣಿನ ಮೇಲೆ. ರಾತ್ರಿ ಊಟಕ್ಕೆ ಕುಳಿತಾಗ, "ಯವ್ವಾ, ನಿನಗ ಆರಾಮ ಇಲ್ಲೇನು?" ಎಂದೆ. "ಭಾಳ ಆರಾಮ ಅದೀನಿ!" ಎಂದು ಗಟ್ಟಿಯಾಗಿ ಹೇಳಿದಳು. ಅವಳು ಹೇಳಿದ್ದು ನನಗಲ್ಲ, ಕಿಟಕಿಯ ಆಚೆ ನಿಂತು ಕೇಳುತ್ತಿರುವವನಿಗೆ. ನಾನೇನಾದರೂ ಆ ಪದವನ್ನು ಬಾಯಿಬಿಟ್ಟು ಆಡಿದರೆ ಹೆತ್ತ ಮಗಳೇ ಬಾಗಿಲು ತೆಗೆದು ಅವನನ್ನು ಕರೆದಳು ಎಂದುಕೊಳ್ಳುತ್ತಾಳೆ, ಮುಂದೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದು ಗೊತ್ತಿತ್ತು. ಎರಡು ದಿನ ಪುಸ್ತಕ ತೆರೆದುಕೊಂಡು ಒಂದಕ್ಷರ ಓದದೆ ಕುಳಿತೆ.

ಮೂರನೆಯ ದಿನ ಶೆಡ್ಡಿಗೆ ಹೋಗಿ ಅವ್ವನಿಗೂ ಗೋಡೆಗೂ ನಡುವೆ ನುಸುಳಿ, ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತೆ. ದನಿ ತೆಗೆಯದೆ ತುಟಿ ಆಡಿಸಿದೆ.

"ಯವ್ವಾ, ನನಗ ಗೊತ್ತೈತಿ."

ಅವಳು ಮೊದಲು ಬಾಗಿಲ ಬಲಗಡೆಗೆ ನೋಡಿದಳು. ಆಮೇಲೆ ನನ್ನನ್ನು. "ಯಾರ ಹೇಳಿದ್ರು?"

"ನೀನ ಹೇಳಿದಿ. ಮೊನ್ನೆ ನನ್ನ ಕಡೆ ತಿರುಗಿದಾಗ."

ಹೊಡೆಯುತ್ತಾಳೆ ಎಂದುಕೊಂಡೆ. ಅವಳ ಕೈ ಕಾಂಡಿ ತುಂಬುತ್ತಲೇ ಇತ್ತು, ಕಣ್ಣಿನಿಂದ ನೀರು ಹೋಗುತ್ತಲೇ ಇತ್ತು. "ದೂತ ಬರಾಕತ್ತಾನ, ಮಗಳ. ದಾರ್ಯಾಗ ಅದಾನ."

"ದಾರ್ಯಾಗ ಅದಾನಂದ್ರ ನಾವೂ ಅರ್ಧಾ ದಾರಿ ಎದರ ಹೋಗೂಣ. ಕೊಲ್ಹಾಪುರದ ದವಾಖಾನ್ಯಾಗ ಭೇಟಿ ಆಗ್ಲಿ."

"ಕೊಲ್ಹಾಪುರಕ್ಕ ಬಂದಾನಂತ ನಿನಗ ಹೆಂಗ ಗೊತ್ತು?" ಎಂದಳು. ಅಷ್ಟರಲ್ಲಿ ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಆ ಮೌನದಲ್ಲಿ ಕಿವಿ ಗುಂಯ್ ಎಂದಿತು. ನಾವಿಬ್ಬರೂ ಕಳ್ಳರಂತೆ ತುಟಿ ಬಿಗಿದುಕೊಂಡೆವು. ಎದುರಿನ ಮಗ್ಗದ ಹತ್ತಿರ ಅಪ್ಪ ನಿಂತಿದ್ದ. ಅವನು ನಿಂತಲ್ಲಿಂದ ನನ್ನ ತುಟಿ ನೇರವಾಗಿ ಕಾಣುತ್ತಿತ್ತು ಎಂಬುದು ನನಗೆ ಹೊಳೆದದ್ದು ಆಗ. ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿದ, ಇನ್ನೂ ಒರೆಸಿದ. ಕೊನೆಗೆ ಜೋರಾಗಿಯೇ ಹೇಳಿದ.

"ನಾಳೆ ಮುಂಜಾನಿ ಮೊದಲನೇ ಎಸ್‌ಟಿ ಬಸ್ಸಿಗೆ ಕೊಲ್ಹಾಪುರಕ್ಕ ಹೋಗೂದೈತಿ, ಮೂರೂ ಮಂದಿ. ಯಾತಕ್ಕ ಅಂತ ಯಾರೂ ಕೇಳಬ್ಯಾಡ್ರಿ, ನಾನೂ ಹೇಳಂಗಿಲ್ಲ."

ಅವ್ವ ಆ ದಿನದ ಕಾಂಡಿಯನ್ನು ಕಟ್ಟೆಯ ಮೇಲೆ ಇಡಲಿಲ್ಲ.

ಕೊಲ್ಹಾಪುರದ ಡಾಕ್ಟರು ಒಬ್ಬ ಮರಾಠಿ ಹೆಂಗಸು, ಮುಖಕ್ಕೆ ಮಾಸ್ಕು. "ಗಾಠ ಕಧೀಪಾಸೂನ ಆಹೇ?" ಎಂದು ಎತ್ತಿದ ದನಿಯಲ್ಲಿ ಕೇಳಿದರು, ಗಡ್ಡೆ ಯಾವಾಗಿನಿಂದ ಇದೆ ಎಂದು. ಅವ್ವ ನನ್ನ ಕೈಯನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಬೆರಳು ಬೆಳ್ಳಗಾದವು. ಹೇಗೆ ಹೇಳಬೇಕೋ ತಿಳಿಯದೆ ನಾನು ರೂಢಿಯ ಮೇಲೆ ದನಿಯಿಲ್ಲದೆ ತುಟಿ ಆಡಿಸಿದೆ. ಡಾಕ್ಟರು ನನ್ನನ್ನು ಮೂಗಿ ಎಂದುಕೊಂಡರು. ಮೂಗರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡು, ಪಾಪ, ಇನ್ನೂ ಜೋರಾಗಿ ಗಾಠ, ಗಾಠ ಎಂದು ಹೊರಗಿನ ಸಾಲಿಗೂ ಕೇಳುವಂತೆ ಕೂಗಿದರು. ಅಪ್ಪ ತಲೆ ತಗ್ಗಿಸಿದ. ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಿಲ್ಲ.

ಕೊನೆಗೆ ಒಂದು ಚೀಟಿಯ ಮೇಲೆ ಮರಾಠಿಯಲ್ಲಿ ಬರೆದು ಕೊಟ್ಟೆ: ಆ ಶಬ್ದವನ್ನು ಬಾಯಿಂದ ಆಡಿದರೆ ಅಮ್ಮ ಹೆದರುತ್ತಾಳೆ, ನಮಗೆ ತುಟಿ ಓದಲು ಬರುತ್ತದೆ. ಡಾಕ್ಟರು ಅದನ್ನು ಎರಡು ಸಲ ಓದಿದರು. ಪೆನ್ನು ಕೆಳಗಿಟ್ಟು, ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು, ಅವ್ವನ ಕಡೆ ಬಾಗಿ ದನಿಯಿಲ್ಲದೆ, ನಿಧಾನವಾಗಿ, "ಘಾಬರೂ ನಕಾ" ಎಂದರು. ಹೆದರಬೇಡಿ. ಅವ್ವನ ಹಿಡಿತ ಸಡಿಲವಾಯಿತು. ಆ ಡಾಕ್ಟರಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆಪರೇಷನ್ ಆಯಿತು, ಔಷಧಿ ಆಯಿತು, ಕೂದಲು ಹೋಗಿ ಮತ್ತೆ ಬಂತು. ಅಷ್ಟು ತಿಂಗಳಲ್ಲಿ ನಾವು ಮೂವರೂ ಆ ರೋಗದ ಬಗ್ಗೆ ಒಂದು ಮಾತನ್ನೂ ಗಟ್ಟಿಯಾಗಿ ಆಡಲಿಲ್ಲ. ವಾರ್ಡಿನವರು ನಮ್ಮನ್ನು ಒಂದು ಮೂಕ ಸಂಸಾರ ಎಂದುಕೊಂಡಿದ್ದರು. ಆಪರೇಷನ್ನಿನ ಮರುದಿನ ಅವ್ವ ಅರೆನಿದ್ದೆಯಲ್ಲಿ ಕಣ್ಣು ತೆರೆದು, ಹಾಸಿಗೆಯ ಬಲಗಡೆ ಕೂರಲು ಹೋದ ನನ್ನನ್ನು ಸನ್ನೆ ಮಾಡಿ ತಡೆದಳು. ತುಟಿಯಲ್ಲಿ ಹೇಳಿದಳು: "ಅಲ್ಲಿ ಕುಂತಾನ. ಕಾಲ ನೋಡ, ಕಬ್ಬಿನ ಹೊಲದ ಕೆಸರ. ಭಾಳ ದೂರ ನಡದಾನ, ಪಾಪ." ನಾನು ನೋಡಿದೆ. ಖಾಲಿ ಸ್ಟೂಲು, ಅದರ ಮೇಲೆ ಕಿಟಕಿಯ ಬಿಸಿಲು. ಎಲ್ಲಿಂದಲೋ ಬಂದ ಹತ್ತಿಯ ಎಳೆಯೊಂದು ಆ ಬಿಸಿಲಿನಲ್ಲಿ ಇಳಿಯದೆ ಉಳಿದಿತ್ತು. ಆಸ್ಪತ್ರೆಯಲ್ಲಿ ಹತ್ತಿಗೆ ಏನು ಬರ. ಆದರೂ ನಾನು ಎಡಗಡೆಗೆ ಬಂದು ಕುಳಿತೆ.

ಗಡಹಿಂಗ್ಲಜದಲ್ಲಿ ಪ್ರಾರ್ಥನೆ ನಡೆಸುವ ಮಾಸ್ತರರು ನೋಡಲು ಬಂದವರು ಎಲ್ಲ ಕೇಳಿ ಹಣೆ ಚಚ್ಚಿಕೊಂಡರು. "ಅಕ್ಕಾರ, ಸೈತಾನಗ ಹೇಳಬ್ಯಾಡ್ರಿ ಅಂದಿದ್ನಿ. ಡಾಕ್ಟರಗ ಹೇಳಬ್ಯಾಡ್ರಿ ಅಂತ ಯಾವಾಗ ಅಂದಿದ್ನಿ?"

"ಡಾಕ್ಟರ್ ಕೇಳೂಮುಂದ ಅಂವಾ ಬಾಜೂಕ ನಿಂತಿರ್ತಾನಲ್ರಿ" ಎಂದಳು ಅವ್ವ, ಮೆಲ್ಲಗೆ. ಮಾಸ್ತರರು ಮತ್ತೊಮ್ಮೆ ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಒಂದು ಅನುಮಾನ ಇತ್ತು, ಅದನ್ನು ಅವ್ವನಿಗೆ ಹೇಳಲಿಲ್ಲ: ಇಚಲಕರಂಜಿಗೆ ಬಂದವರೆಲ್ಲ ವರ್ಷದೊಳಗೆ ತುಟಿ ಓದಲು ಕಲಿಯುತ್ತಾರೆ, ಸೈತಾನನೇನು ಅಷ್ಟು ದಡ್ಡನೇ?

ಇದಾಗಿ ಹತ್ತು ವರ್ಷದ ಮೇಲಾಯಿತು. ಮಗ್ಗಗಳು ಹೋದವು. ಅಪ್ಪನೂ ಹೋದ. ನಾನು ಕೊಲ್ಹಾಪುರದಲ್ಲಿ ಸಂಸಾರ ಹೂಡಿದ್ದೇನೆ, ಅವ್ವ ಹೆಚ್ಚಾಗಿ ಗಡಹಿಂಗ್ಲಜದಲ್ಲಿ ದೊಡ್ಡವ್ವನ ಜೊತೆ ಇರುತ್ತಾಳೆ. ನಾವಿಬ್ಬರೂ ಮಾತಾಡುವುದು ವೀಡಿಯೊ ಕಾಲ್‌ನಲ್ಲಿ, ದನಿ ಮುಚ್ಚಿ. ನನ್ನ ಗಂಡನಿಗೆ ಅದು ಇನ್ನೂ ರೂಢಿಯಾಗಿಲ್ಲ. ತಾಯಿ ಮಗಳು ಮೀನಿನ ಹಾಗೆ ಬಾಯಿ ಆಡಿಸುತ್ತೀರಿ ಎನ್ನುತ್ತಾನೆ.

ಈ ವರ್ಷ ಒಂದು ಮಧ್ಯಾಹ್ನ ಫೋನು ಬಂತು. ವೀಡಿಯೊ ಅಲ್ಲ, ದೊಡ್ಡವ್ವನ ಗುಂಡಿ ಒತ್ತುವ ಫೋನು. ಹಿಂದೆ ಪ್ರಾರ್ಥನೆಗೆ ಬಂದವರ ಹಾಡು ಕೇಳುತ್ತಿತ್ತು. ಅವ್ವನ ದನಿ ಸ್ಪಷ್ಟವಾಗಿತ್ತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ಮಗಳ, ಗಡ್ಡಿ ಮತ್ತ ಬಂದೈತಿ. ಈ ಸಲ ಬಲಗಡೆ."

ಹಾಡು ನಿಂತುಹೋಯಿತು. "ಯವ್ವಾ, ಸಾವಕಾಶ!" ಎಂದೆ, ಎಷ್ಟೋ ವರ್ಷದ ಭಯ ಬಾಯಿಗೆ ಬಂದು.

"ಕೇಳ್ಲಿ ಬಿಡ. ಅಷ್ಟ ವರ್ಷ ಇಚಲಕರಂಜ್ಯಾಗ ನಮ್ಮ ಬೆನ್ನ ಹಿಂದ ಅಡ್ಡಾಡ್ಯಾನ, ತುಟಿ ಓದಾಕ ಕಲ್ತಿರಂಗಿಲ್ಲೇನು? ಅಂವಗ ಗೊತ್ತ ಇತ್ತು. ನಾ ಸುಮ್ಮನ ಹೇಳದ ಹೇಳದ ನಿಮ್ಮಪ್ಪನ್ನ, ನಿನ್ನ ಅಷ್ಟ ಅಂಜಿಸಿಟ್ನಿ." ಒಂದು ಉಸಿರು ತೆಗೆದುಕೊಂಡಳು. "ಈ ಸಲ ಕಾಂಡಿ ಇಟಗೊಂಡ ಕೂಡಂಗಿಲ್ಲ. ನಾಳೆ ಮೊದಲನೇ ಗಾಡಿಗೆ ಬರ್ತೀನಿ. ಸ್ಟ್ಯಾಂಡಿಗೆ ಬಾ. ಅದ ಡಾಕ್ಟರಬಾಯಿ ಅದಾರೇನು ನೋಡ."

ಬರುತ್ತೇನೆ ಎಂದೆ. ಹೆದರಬೇಡ ಎಂದೆ. ಡಾಕ್ಟರಿಗೆ ಈಗಲೇ ಫೋನು ಮಾಡುತ್ತೇನೆ ಎಂದೆ. ಹೇಳುತ್ತಲೇ ಇದ್ದೆ. ಅವ್ವ ಆ ಕಡೆಯಿಂದ ಹಲೋ, ಹಲೋ ಎನ್ನುತ್ತಿದ್ದಳು. ನನ್ನ ತುಟಿ ಮಾತ್ರ ಆಡುತ್ತಿದೆ, ದನಿ ಹೊರಗೆ ಬಂದೇ ಇಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಬಾಯಿ ಬಿಟ್ಟ ಮಾತಾಡ, ಮಗಳ" ಎಂದಳು ಅವ್ವ. "ನನಗ ಕಾಣಸವಲ್ದು."

"ಹೂಂ ಯವ್ವಾ" ಎಂದೆ. "ಗಡ್ಡಿ ತೋರ್ಸಾಕ ಹೋಗೂಣ." ಅವಳಿಗೆ ಕೇಳುವಂತೆ ಆ ಪದವನ್ನು ನಾನು ದನಿ ತೆಗೆದು ಹೇಳಿದ್ದು ಅದೇ ಮೊದಲು.